ರೋಹಿಣಿ ಮಳೆಗೆ ಮೊದಲು ಆಸ್ಪತ್ರೆಗೆ ಮಾಡು (ಹಂಚಿನ ಸೂರು), ಔಷಧಕ್ಕೆ ತಂಪು: ದೇಣಿಗೆಗಾಗಿ ಮನವಿ

ಆತ್ಮೀಯ ಬಂಧುಗಳೇ,

ಘಟ್ಟದ ಮೇಲಿನ ನಮ್ಮ ಚಿಕ್ಕ ಆಸ್ಪತ್ರೆಯ ಕಥೆ ನಿಮಗೆ ಗೊತ್ತಿದ್ದದ್ದೇ. ಶಿರಸಿ, ಸಿದ್ದಾಪುರದ ಕಡೆಯಿಂದ ಹೋಗಿ ಬೆಂಗಳೂರು, ಪುಣೆ ಸೇರಿದವರಲ್ಲಿ ಎಷ್ಟೋ ಜನ ಬಾಲ್ಯದಲ್ಲಿ ಇಲ್ಲಿಯ ಬೆಂಚಿನ ಮೇಲೆ ಕೂತು ಅತ್ತವರೇ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇವೆ.

ಹೋದ ವರ್ಷ ಪುಷ್ಯ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಮಂಗ ಒಡೆದ ಹಂಚಿನ ಸಂದಿಯಿಂದ ನೀರಿಳಿದು ಇನ್ವರ್ಟರ್ ಸುಟ್ಟುಹೋಯಿತು. ಆದರೆ ಔಷಧ ಹಾಳಾದದ್ದು ಆ ನಾಲ್ಕು ದಿನಗಳಲ್ಲಲ್ಲ. ಕರೆಂಟ್ ಬಂದ ರಾತ್ರಿ ಬೇಗ ತಂಪಾಗಲಿ ಎಂದು ಫ್ರಿಜ್ಜಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಹಿಂಬದಿಯ ಸೀಸೆಗಳೆಲ್ಲ ಹೆಪ್ಪುಗಟ್ಟಿದ್ದವು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಸರಿಯಾಗಿಯೇ ಕಂಡೀತು, ಆದರೆ ಅದನ್ನು ನಂಬುವಂತಿಲ್ಲ. ಧನುರ್ವಾಯು ಲಸಿಕೆಯದೂ ಅಷ್ಟೇ: ಅದರಲ್ಲಿರುವ ಅಲ್ಯುಮಿನಿಯಂ ಲವಣ ಗಂಟುಗಟ್ಟಿ ತಳಕ್ಕಿಳಿಯುತ್ತದೆ. ಎಲ್ಲವನ್ನೂ ಎಸೆದೆವು. ಬಿಸಿಯಿಂದ ಔಷಧ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಚಳಿಯಿಂದಲೂ ಕೆಡುತ್ತದೆ ಎಂಬುದು ಹೀಗೆ ಕಳೆದುಕೊಂಡವರಿಗೆ ಗೊತ್ತು.

ಆ ಫ್ರಿಜ್ಜು ದಾನಿಯೊಬ್ಬರು ಪ್ರೀತಿಯಿಂದ ಕೊಟ್ಟದ್ದು, ಮನೆಬಳಕೆಯದು. ಅದರ ಬಾಗಿಲು ಮುಂದಕ್ಕೆ ತೆರೆಯುತ್ತದೆ. ತಂಪುಗಾಳಿ ಭಾರವಾದ್ದರಿಂದ ತೆರೆದಾಗಲೆಲ್ಲ ಕೆಳಗೆ ಸುರಿದುಹೋಗುತ್ತದೆ. ಐಸ್ ಕಟ್ಟುವ ಖಾನೆಯ ಹತ್ತಿರ ಸೊನ್ನೆಗಿಂತ ಕೆಳಗೆ, ಬಾಗಿಲ ಬಳಿ ಹತ್ತು ಡಿಗ್ರಿಗಿಂತ ಮೇಲೆ. ಔಷಧಕ್ಕೆ ಬೇಕಾದದ್ದು 2ರಿಂದ 8 ಡಿಗ್ರಿ. ಲಸಿಕೆ ಕೇಂದ್ರಗಳಲ್ಲಿ ಬಳಸುವ ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆ ಮೇಲಿನಿಂದ ತೆರೆಯುತ್ತದೆ, ಸುತ್ತಲೂ ಮಂಜುಗಡ್ಡೆಯ ಪದರ ಇರುತ್ತದೆ. ದಿನಕ್ಕೆ ಎಂಟು ತಾಸು ಕರೆಂಟ್ ಸಿಕ್ಕರೆ ಉಳಿದ ಹದಿನಾರು ತಾಸು ತಾನೇ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮಗೆ ಅದು ಬೇಕು. ಜೊತೆಗೆ ಸ್ಟೆಬಿಲೈಸರ್, ಯಾಕೆಂದರೆ ಲೈನಿನ ತುದಿಯಲ್ಲಿರುವ ನಮಗೆ ವೋಲ್ಟೇಜ್ ಇಳಿದಾಗ ಕಂಪ್ರೆಸರ್ ಎಳೆಯಲಾರದೆ ಸುಡುತ್ತದೆ.

ಸೋಲಾರ್ ಹಾಕಿಸಿ ಎಂದು ಹಲವರು ಸಲಹೆ ಕೊಟ್ಟಿದ್ದೀರಿ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿದು. ಕರೆಂಟ್ ಕೈಕೊಡುವ ದಿನಗಳೂ ಅವೇ. ಹಾಗಾಗಿ ಈ ವರ್ಷ 2 ಕೆವಿಎ ಜನರೇಟರ್ ಸಾಕು. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಅದಕ್ಕಿಂತ ಚಿಕ್ಕದು ತಡೆಯದು.

ಇಷ್ಟೆಲ್ಲ ಯಾತಕ್ಕೆ ಎಂದರೆ ದಾರಿ ಕಷ್ಟದ್ದೆಂದು. ಗುಡ್ಡಗಾಡಿನಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ. ಆ ಲೆಕ್ಕ ತಲೆಗಳದ್ದು, ಮೈಲಿಗಳದ್ದಲ್ಲ. ನಮ್ಮಲ್ಲಿ ತೋಟಕ್ಕೊಂದು ಮನೆ, ನಡುವೆ ಬೆಟ್ಟ, ಹಳ್ಳ. ಮಳೆಗಾಲದಲ್ಲಿ ಕಾಲುಸಂಕ ತೇಲಿಹೋದರೆ ಕಂಬಳಿ ಜೋಲಿ ಕಟ್ಟಿ ಹೊತ್ತು ತರಬೇಕು. 108 ನಿಲ್ಲುವುದು ಡಾಂಬರು ಮುಗಿಯುವಲ್ಲಿ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿಗೆ ನಮ್ಮ ದನಿಯೂ ಸೇರಿದೆ. ಆದರೆ ಹಾವು ಕಚ್ಚಿದವರಿಗೆ ಮೊದಲ ಔಷಧ ಹತ್ತಿರದಲ್ಲೇ ಸಿಗಬೇಕು.

ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವಿಲ್ಲ, ಗುರುತೂ ಸರಿಯಾಗಿ ಕಾಣದು. ಬೆಳಗಾಗುವಾಗ ಹೊಟ್ಟೆನೋವು, ಆಮೇಲೆ ರೆಪ್ಪೆ ಇಳಿಬೀಳುತ್ತದೆ, ಉಸಿರು ನಿಲ್ಲುತ್ತ ಬರುತ್ತದೆ. ಅಂಥವರನ್ನು ಶಿರಸಿಗೆ ಮುಟ್ಟಿಸುವವರೆಗೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬೂ ಚೀಲ ಬೇಕು. ಕೊಳಕುಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ಎರಡು ಎಂಎಲ್ ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಬಗ್ಗಿಸಿ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ನಳಿಕೆ ಗಾಜಿನದ್ದೇ, ಹೊಸದೇ ಆಗಬೇಕು. ಸೋಪಿನಲ್ಲಿ ತೊಳೆದದ್ದಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಮೊದಲ ಸುತ್ತಿಗೇ ಹಾವಿನ ವಿಷ ಇಳಿಸುವ ಔಷಧ (ಆಂಟಿವೆನಮ್) ಹತ್ತು ಸೀಸೆ ಬೇಕು. ಮಗುವಿಗೂ ಅಷ್ಟೇ, ಯಾಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಔಷಧ ಮೈಗೆ ಒಗ್ಗದಿದ್ದರೆ ಎಂದು ಪಕ್ಕದಲ್ಲೇ ಅಲರ್ಜಿ ತಡೆಯುವ ಅಡ್ರಿನಲಿನ್ ಇಟ್ಟುಕೊಂಡಿರಬೇಕು. ಘಟ್ಟದ ಗುಳಿಮಂಡಲಗಳಿಗೆ ಈ ಔಷಧ ನಾಟದು, ಅದನ್ನೂ ಮುಚ್ಚಿಡುವುದಿಲ್ಲ. ಈ ಸಲ ಪುಡಿ ರೂಪದ ಔಷಧವನ್ನೇ ತರಿಸುತ್ತೇವೆ. ಅದಕ್ಕೆ ಫ್ರಿಜ್ಜಿನ ಹಂಗು ಕಡಿಮೆ.

ನಮ್ಮ ನರ್ಸ್ ಬಾಯಿಯರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲೂಕಿನದು. ದರಕು (ಒಣ ಎಲೆ) ಗುಡಿಸಿ ತರಲು, ಸೊಪ್ಪು ತರಲು ಕಾಡಿಗೆ ಹೋಗುವವರ ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಸುವುದು, ಜ್ವರ ಬಂದವರ ರಕ್ತದ ಮಾದರಿಯನ್ನು ತಂಪು ಡಬ್ಬಿಯಲ್ಲಿ ಕಳಿಸುವುದು ಇವರ ಕೆಲಸ. ಚಳಿಗಾಲ, ಬೇಸಿಗೆ ಪೂರ್ತಿ ಮನೆಮನೆ ತಿರುಗಿದ್ದಾರೆ. ನಮ್ಮ ಸಂಸ್ಥೆಗೆ ಹೆಸರು ಬಂದಿದ್ದರೆ ಅದು ಅವರ ಚಪ್ಪಲಿ ಸವೆದದ್ದರಿಂದ.

ಈಗ ಖರ್ಚು. ಐಎಲ್‌ಆರ್ ಮತ್ತು ಸ್ಟೆಬಿಲೈಸರಿಗೆ ಸುಮಾರು ಒಂದೂಕಾಲು ಲಕ್ಷ. ಜನರೇಟರಿಗೆ ಅರವತ್ತು ಸಾವಿರದ ಆಸುಪಾಸು. ಮಾಡಿಗೆ ಒಂದೂವರೆ ಲಕ್ಷ: ಹಂಚು ಹೊರುವ, ಗೆದ್ದಲು ಹಿಡಿದ ಮರದ ರೀಪು, ಪಕಾಸುಗಳನ್ನು ಬದಲಿಸದೆ ಹಂಚು ಮಾತ್ರ ಹೊದಿಸಿದರೆ ಎರಡನೇ ಮಳೆಗೇ ಮತ್ತೆ ಜಾರುತ್ತದೆ. ಔಷಧ, ಆಂಬೂ ಚೀಲ, ಮಡಚುವ ಸ್ಟ್ರೆಚರ್, ನಳಿಕೆ ಎಲ್ಲ ಸೇರಿ ಐವತ್ತು ಸಾವಿರ. ಕೈಯಲ್ಲಿರುವುದು ಒಂದೂವರೆ ಲಕ್ಷ. ಬಡಗಿಗಳು ಸಿಗುವುದೇ ಕಷ್ಟ, ರೋಹಿಣಿ ಮಳೆ ಹಿಡಿದರೆ ಮಾಡು ಬಿಚ್ಚುವಂತಿಲ್ಲ. ಮೇ 5ರೊಳಗೆ ಹಣ ಬಂದರೆ ಕೆಲಸ ಆದೀತು.

ಹೊಸ ಕೊಠಡಿ ಕಟ್ಟಿಸಿ ಹೆಸರು ಹಾಕಿಸಲು ಮುಂದೆ ಬರುವವರಿಗೆ ಕೈಮುಗಿದು ಹೇಳುತ್ತೇವೆ: ರೀಪಿನ ಮೇಲೆ ಹೆಸರು ಕೆತ್ತಿದರೆ ಯಾರಿಗೂ ಕಾಣದು, ಆದರೆ ಈಗ ಬೇಕಾದದ್ದು ಅದೇ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ದಯವಿಟ್ಟು ಕಳಿಸಬೇಡಿ. ಅವಧಿ ಮುಗಿದದ್ದನ್ನು ಆರಿಸಿ ತೆಗೆಯುವುದರಲ್ಲೇ ದಿನ ಕಳೆಯುತ್ತದೆ.

2000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆದಾಯ ತೆರಿಗೆ ವಿನಾಯಿತಿ ಸಿಗದು, ಚೆಕ್ ಅಥವಾ ಬ್ಯಾಂಕಿನ ಮೂಲಕ ಕೊಡಿ. ವಿದೇಶಿ ಪೌರತ್ವ ಪಡೆದವರಿಂದ ನೇರವಾಗಿ ಪಡೆಯಲು ನಮಗೆ ಪರವಾನಗಿ ಇಲ್ಲ. ಖಾತೆಯ ವಿವರ ಹಳೆಯ ರಸೀದಿಯಲ್ಲಿ ಇದ್ದದ್ದೇ, ಬದಲಾಗಿಲ್ಲ. ಹಂಚು ಹೊದಿಸಲು ಬರುವವರು ಮುಂಚೆ ತಿಳಿಸಿದರೆ ಊಟದ ವ್ಯವಸ್ಥೆ ಮಾಡುತ್ತೇವೆ.

ಇಂತಿ,
ವಿಶ್ವಸ್ತ ಮಂಡಳಿ