ಭಾನುವಾರದ ಮಾತುಕತೆ: ಪತ್ರಿಕೋದ್ಯಮದ ಮೊದಲ ಶಾಲೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಶಿರಸಿಯಲ್ಲಿ, ಯಾವಾಗಲೂ ಸೇರುವ ಜಾಗದಲ್ಲೇ ಸೇರೋಣ. ಈ ಸಲ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಯ ಬಗ್ಗೆ ಮಾತು.

ಜಗತ್ತಿನ ಮೊದಲ ಪತ್ರಿಕೋದ್ಯಮ ಶಾಲೆ ಎಂದು ಹೆಸರಾದದ್ದು ಅದು. ಕಟ್ಟಿದ ವಾಲ್ಟರ್ ವಿಲಿಯಮ್ಸ್ ಮಾತ್ರ ಕಾಲೇಜು ಓದಿದವರಲ್ಲ! ಅಚ್ಚುಮನೆಯಲ್ಲಿ ಕೆಲಸ ಕಲಿತು ಸಂಪಾದಕರಾದವರು. 1908ರ ಸೆಪ್ಟೆಂಬರ್ 14ರಂದು ತರಗತಿ ಶುರುವಾಯಿತು, ಶಾಲೆಯದೇ ಆದ ಪೇಪರೂ ಅವತ್ತೇ ಹೊರಬಂತು. ವಿದ್ಯಾರ್ಥಿಗಳೇ ವರದಿಗಾರರು, ಮೇಷ್ಟ್ರುಗಳೇ ಸಂಪಾದಕರು. ಸುಮ್ನೆ ಅಭ್ಯಾಸಕ್ಕಲ್ಲ, ಊರವರು ಓದುವ ಪೇಪರು. ತಪ್ಪು ಬರೆದರೆ ಊರವರೇ ಹಿಡಿದು ಕೇಳ್ತಾರೆ ಅಲ್ವಾ? ಆ ಹೆದರಿಕೆ ಪರೀಕ್ಷೆಗಿಂತ ಜಾಸ್ತಿ ಕಲಿಸುತ್ತದೆ ಅಂತ ನನ್ನ ಲೆಕ್ಕ.

ನಮ್ಮಲ್ಲಿ 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಶುರು ಮಾಡಿದರು. ಅದನ್ನು ಇನ್ನೊಂದು ವಾರ ನೋಡೋಣ.

ಬರುವಾಗ ಒಂದು ಸಣ್ಣ ಸುದ್ದಿ ಬರೆದು ತನ್ನಿ. ಅಡಿಕೆ ದರದ ಬಗ್ಗೆ ಬರೆಯುವವರು ರಾಶಿಗೆ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಎಷ್ಟು, ಚಾಲಿಗೆ (ಬೇಯಿಸದೆ ಬಿಸಿಲಲ್ಲಿ ಒಣಗಿಸಿದ ಬಿಳಿ ಅಡಿಕೆ) ಎಷ್ಟು ಎಂದು ಬಿಡಿಸಿ ಬರೆಯಿರಿ. ಬರೀ ‘ದರ ಏರಿತು’ ಅಂದ್ರೆ ಸಾಲದು. ಕುಮಟಾ ಕಡೆಯಿಂದ ಬರುವವರು ದೇವಿಮನೆ ಘಾಟಿಯಲ್ಲಿ ಮಳೆ ಹೇಗಿದೆ ಕೇಳಿಕೊಂಡು ಹೊರಡಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ, ಚಹಾಕ್ಕೆ ಹೇಳಬೇಕು.