ಕೃತಕ ಕಣ್ಣಿನಲ್ಲಿ ಕಾಯಿಲೆ ಕಂಡುಹಿಡಿದ ನಿಮ್ಮ ವರದಿಯ ಬಗ್ಗೆ ದೂರು

ವ್ಯವಸ್ಥಾಪಕರಿಗೆ,
ಐರಿಸ್ ಪರೀಕ್ಷಾ ವಿಭಾಗ

ಮಾನ್ಯರೇ,

ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ನ ಗೆರೆಗಳನ್ನು ನೋಡಿ ಇಡೀ ದೇಹದ ಕಾಯಿಲೆ ಹೇಳುತ್ತೇವೆ ಎನ್ನುವ ನಿಮಗೆ ನನ್ನ ಕೃತಕ ಕಣ್ಣಿನಲ್ಲೂ ಕಾಯಿಲೆ ಕಂಡದ್ದು ಹೇಗೆ ಎಂದು ದೂರವಾಣಿಯಲ್ಲಿ ವಿನಯದಿಂದ ಕೇಳಿದ್ದಾಯಿತು. 'ಮೇಲಿನವರ ಗಮನಕ್ಕೆ ತರುತ್ತೇವೆ' ಎಂಬ ಉತ್ತರ ಕೇಳಿ ಕೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲೇ ತಿಳಿಸಬೇಕು ಎಂಬ ನಿಮ್ಮ ಒಪ್ಪಿಗೆ ಪತ್ರದ 7ನೇ ನಿಯಮ ನಿಮಗೆ ತಿಳಿದೇ ಇರುತ್ತದೆ. ಅದರಂತೆ ಕಣ್ಣಿನ ಶಸ್ತ್ರಚಿಕಿತ್ಸೆಯ ಕಾಲಂನಲ್ಲಿ 'ಎಡಗಣ್ಣು ಕೃತಕ' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದ್ದೆ. ಬರೆದದ್ದನ್ನು ಯಾರಾದರೂ ಓದಬೇಕು ಎಂಬ ನಿಯಮ ಮಾತ್ರ ಅದರಲ್ಲಿ ಇರಲಿಲ್ಲ.

ನಿಮ್ಮ ಪರೀಕ್ಷಕಿ ಕೋಣೆಯ ಬಾಗಿಲನ್ನೂ ಮುಚ್ಚದೆ ನನ್ನ ಎಡಗಣ್ಣಿಗೆ ಟಾರ್ಚ್ ಹಿಡಿದರು. ಪಾಪೆ ಕುಗ್ಗಲಿಲ್ಲ. ಅಕ್ರಿಲಿಕ್ ಮೇಲೆ ಕುಂಚದಲ್ಲಿ ಬಿಡಿಸಿದ ಪಾಪೆ ಕುಗ್ಗುವುದಾದರೂ ಹೇಗೆ? 'ನರಗಳೆಲ್ಲ ಸೋತುಹೋಗಿವೆ' ಎಂದರು. ಭೂತಗನ್ನಡಿ ತೆಗೆದುಕೊಂಡು ಪಾಪೆಯ ಸುತ್ತಲಿನ ಕಂದು ಗೆರೆಗಳನ್ನು, ಐರಿಸ್‌ನ ಯಾವ ಭಾಗ ಯಾವ ಅಂಗದ್ದು ಎಂದು ತೋರಿಸುವ ನಿಮ್ಮ ನಕ್ಷೆಯೊಂದಿಗೆ ಹೋಲಿಸಿ, 'ಇದು ಕರುಳಿನ ವಲಯ. ಮಲಬದ್ಧತೆ ಎಷ್ಟು ಕಾಲದಿಂದ ಇದೆ?' ಎಂದು ಹೊರಗಿನ ಬೆಂಚಿನವರಿಗೂ ಕೇಳಿಸುವಂತೆ ವಿಚಾರಿಸಿದರು. ಇಲ್ಲ ಎಂದೆ. 'ನಾಚಿಕೊಳ್ಳಬೇಡಿ' ಎಂದರು. 'ಮೇಡಂ, ಆ ಕಣ್ಣು...' ಎಂದು ಬಾಯಿ ತೆರೆದರೆ, 'ಮಾತನಾಡಬೇಡಿ, ಕಣ್ಣು ಅಲುಗುತ್ತದೆ' ಎಂದು ಗದರಿದರು. ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. 'ನೀವು ಮುಚ್ಚಿಟ್ಟರೂ ಈ ಕಣ್ಣು ಸುಳ್ಳು ಹೇಳುವುದಿಲ್ಲ' ಎಂದು ತೀರ್ಪು ಕೊಟ್ಟು, ಗುಲ್ಮ (ಸ್ಪ್ಲೀನ್) ದುರ್ಬಲ, ಹೃದಯದ ಬಗ್ಗೆ ಎಚ್ಚರ ಎಂದು ವರದಿಯಲ್ಲಿ ಬರೆದು, ದೇಹದ ವಿಷ ತೆಗೆಯುವ ಪುಡಿಗೆ ಚೀಟಿಯನ್ನೂ ಕೈಗಿತ್ತರು. ಆ ಕಣ್ಣಿಗೆ ಬಣ್ಣ ಹಚ್ಚಿದವರಿಗೆ, ತಾವು ನನ್ನ ಗುಲ್ಮವನ್ನೂ ಚಿತ್ರಿಸಿದ್ದೇವೆ ಎಂಬುದು ಖಂಡಿತ ಗೊತ್ತಿರಲಿಕ್ಕಿಲ್ಲ.

ಕರೆ ಮಾಡಿ ಕೇಳಿದರೆ ನಿಮ್ಮ ಸಿಬ್ಬಂದಿ ಕೊಟ್ಟ ವಿವರಣೆ: 'ಕೃತಕ ಕಣ್ಣಿಗೂ ದೇಹದ ಶಕ್ತಿ ಹರಿಯುತ್ತದೆ.' ಹಾಗಿದ್ದರೆ ನನ್ನ ಕನ್ನಡಕವನ್ನೂ ಪರೀಕ್ಷಿಸಬಹುದಿತ್ತು.

ಈ ಪದ್ಧತಿಯನ್ನು 19ನೇ ಶತಮಾನದಲ್ಲಿ ಆರಂಭಿಸಿದ ಹಂಗೇರಿಯ ವೈದ್ಯ ಪೇಟ್ಸೆಲಿಯ ಚಿತ್ರವನ್ನು ಗೋಡೆಗೆ ತೂಗುಹಾಕಿದ್ದೀರಿ. ಸಂತೋಷ. ಅದರ ಪಕ್ಕದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1979ರಲ್ಲಿ ಪ್ರಕಟವಾದ ಅಧ್ಯಯನವನ್ನೂ ತೂಗುಹಾಕಿ. 143 ಜನರ ಕಣ್ಣಿನ ಛಾಯಾಚಿತ್ರಗಳನ್ನು ನೋಡಿ ಮೂತ್ರಪಿಂಡದ ಕಾಯಿಲೆ ಯಾರಿಗಿದೆ ಎಂದು ಹೇಳಲು ಮೂವರು ಐರಿಸ್ ಪರೀಕ್ಷಕರಿಗೆ ಸಾಧ್ಯವಾಗಲಿಲ್ಲ. ಅವರು ನೋಡಿದ್ದಾದರೂ ನಿಜವಾದ ಕಣ್ಣುಗಳನ್ನು.

ಐರಿಸ್‌ನ ವಿನ್ಯಾಸ ವರ್ಷಗಟ್ಟಲೆ ಬದಲಾಗುವುದಿಲ್ಲ ಎಂದೇ ಅದನ್ನು ಬೆರಳಚ್ಚಿನಂತೆ ಗುರುತಿಗೆ ಬಳಸುತ್ತಾರೆ. ಪುಡಿ ತಿಂದರೆ ಮೂರು ತಿಂಗಳಲ್ಲಿ ಗೆರೆಗಳು ತಿಳಿಯಾಗುತ್ತವೆ ಎಂದು ನೀವು ಯಾವ ಧೈರ್ಯದ ಮೇಲೆ ಬರೆದುಕೊಟ್ಟಿರಿ?

ಶುಲ್ಕ ಹಿಂದಿರುಗಿಸಿ, ವರದಿ ತಪ್ಪೆಂದು ಲಿಖಿತವಾಗಿ ತಿಳಿಸಿ ಎಂದು ಕೇಳಬೇಕೆಂದುಕೊಂಡಿದ್ದೆ. ಈಗ ಹಣದ ಆಸೆಯೂ ಉಳಿದಿಲ್ಲ. ಗ್ರಾಹಕರ ಆಯೋಗಕ್ಕೆ ಅರ್ಜಿ ಸಿದ್ಧವಾಗಿದೆ. ನಿಮ್ಮ ವರದಿ, ನಕ್ಷೆ, ಪುಡಿಯ ಚೀಟಿ, ನಾನು ಸಹಿ ಹಾಕಿದ ಹಾಳೆಯ ಪ್ರತಿ ಎಲ್ಲವನ್ನೂ ಲಗತ್ತಿಸಿದ್ದೇನೆ. ವಿಚಾರಣೆಯ ದಿನ ಎಡಗಣ್ಣನ್ನು ತೆಗೆದು ಮೇಜಿನ ಮೇಲಿಡುತ್ತೇನೆ. ನಿಮ್ಮ ಪರೀಕ್ಷಕಿ ಭೂತಗನ್ನಡಿ ತಂದು, ನನ್ನ ಹೃದಯ ಹೇಗಿದೆ ಎಂದು ನ್ಯಾಯಾಧೀಶರ ಎದುರಿನಲ್ಲೇ ಓದಿ ಹೇಳಲಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಗುಲ್ಮ ದುರ್ಬಲವಾಗಿರುವ ಗ್ರಾಹಕ