ಶಾಲೆಗಳ ಸುರಕ್ಷತೆ: ಪರಿಶೀಲನಾ ವರದಿ ಪಾಲಕರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಹಾವೇರಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಿಂದ ಮಗಳನ್ನು ಕರೆತರಲು ಕಳೆದ ವಾರ ಹೋಗಿದ್ದಾಗ, ಬಿಸಿಯೂಟದ ಕೋಣೆಯಲ್ಲಿ ಅಕ್ಕಿ ಚೀಲಗಳ ಹಿಂದೆ ಅರ್ಧ ಮುಚ್ಚಿಹೋಗಿದ್ದ ಬೆಂಕಿ ನಂದಿಸುವ ಸಿಲಿಂಡರ್ ಕಣ್ಣಿಗೆ ಬಿತ್ತು. ಮರುಭರ್ತಿಯ ದಿನಾಂಕ ಬರೆದಿದ್ದ ಚೀಟಿ ಎಣ್ಣೆಯ ಜಿಡ್ಡು ಹತ್ತಿ ಓದಲು ಬಾರದಂತಾಗಿತ್ತು. ಪಕ್ಕದ ತರಗತಿಯ ಚಾವಣಿಯಿಂದ ಸಿಮೆಂಟ್ ಉದುರಿ ಕಬ್ಬಿಣದ ಸರಳು ಹೊರಬಂದಿದ್ದು, ಕೆಳಗಿನ ಬೆಂಚನ್ನು ಒಂದಿಷ್ಟು ಆಚೆ ಸರಿಸಿದ್ದಾರೆ. ಅದೂ ಒಂದು ಸುರಕ್ಷತಾ ಕ್ರಮವೇ ಇರಬೇಕು!

ತಮಿಳುನಾಡಿನ ಕುಂಭಕೋಣಂನಲ್ಲಿ 2004ರಲ್ಲಿ ಶಾಲೆಯ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದ ದುರಂತವನ್ನು ಪರಿಗಣಿಸಿಯೇ ಸುಪ್ರೀಂ ಕೋರ್ಟ್ 2009ರಲ್ಲಿ, ಶಾಲೆಗಳಲ್ಲಿ ಅಗ್ನಿ ಸುರಕ್ಷತಾ ಸಾಧನಗಳಿರಬೇಕು, ಅವುಗಳ ಬಳಕೆಯಲ್ಲಿ ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿ ಸಿಗಬೇಕು ಎಂದು ಆದೇಶಿಸಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಮಳೆ-ಬಿಸಿಲು ತಾಳುವ ಕಟ್ಟಡ, ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಆವರಣ ಗೋಡೆ ಎಲ್ಲವನ್ನೂ ಹೆಸರಿಸಿಯೇ ಹೇಳಿದೆ. ಇಷ್ಟಾದರೂ ಈ ಶಾಲೆಯಲ್ಲಿ ಬಾಲಕಿಯರ ಶೌಚಾಲಯದ ಕೀಲಿಕೈ, ನೀರಿಲ್ಲವೆಂಬ ಕಾರಣಕ್ಕೆ, ಕಚೇರಿಯ ಮೊಳೆಯಲ್ಲೇ ತೂಗಾಡುತ್ತಿದೆ.

ಮುಖ್ಯ ಶಿಕ್ಷಕರನ್ನೇ ದೂರಿ ಫಲವಿಲ್ಲ. ಪಾಠ, ಊಟ, ಲೆಕ್ಕಪತ್ರ ಎಲ್ಲವೂ ಅವರ ತಲೆಯ ಮೇಲಿದೆ. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಎಂಜಿನಿಯರ್ ಒಬ್ಬರಿಂದ ಕಟ್ಟಡದ ತಪಾಸಣೆ ಮಾಡಿಸಿ, ಆ ವರದಿಯನ್ನು ಶಾಲೆಯ ಸೂಚನಾ ಫಲಕದಲ್ಲಿ ಹಚ್ಚಬೇಕು ಮತ್ತು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪಾಲಕರ ಮುಂದೆ ಓದಬೇಕು ಎಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಪಾಲಕರೊಬ್ಬರು, ಹಾವೇರಿ ತಾಲ್ಲೂಕು